ಕಳೆದ ತೂಕ ಎಲ್ಲಿಗೆ ಹೋಯಿತು: ಗೆದ್ದಲಿನ ಕೆಲಸವನ್ನು ಅಳೆಯಲು ಕಟ್ಟಿದ ಜಾಳಿಗೆ ಚೀಲಗಳ ದಾಖಲೆ

ಇಳಕಲ್ಲಿನಿಂದ ಹುನಗುಂದದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ನಾಲ್ಕು ಎಕರೆ ಹೊಲವಿದೆ. ಮೇಲಿನ ಭಾಗ ಕೆಂಪು ಕಲ್ಲಿನ ಮೇಲೆ ಕೂತ ಮಸಾರಿ, ಅಂದರೆ ಉಸುಕು ಹೆಚ್ಚಿರುವ ಕೆಂಪು ಮಣ್ಣು. ಕೆಳಗಿನ ಭಾಗ ಹಳ್ಳಕ್ಕೆ ಹತ್ತಿದ ಎರಿ, ಅಂದರೆ ಕಪ್ಪು ಜೇಡಿ ಮಣ್ಣು. ಜೋಳದ ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಮತ್ತು ಮುರಿದ ದಂಟು ಮಸಾರಿಯಲ್ಲಿ ಬೇಸಿಗೆ ಮುಗಿಯುವುದರೊಳಗೆ ಕಾಣೆಯಾಗುತ್ತವೆ, ಎರಿಯಲ್ಲಿ ಮುಂಗಾರಿನವರೆಗೂ ಬಿದ್ದಿರುತ್ತವೆ. ತಿನ್ನುವುದು ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲಿ. ನಮ್ಮ ಅಪ್ಪ ಇದನ್ನು ನಷ್ಟವೆಂದೇ ಲೆಕ್ಕ ಹಾಕುತ್ತಾರೆ: "ಒರಲಿ ತಿಂದು ಹೋದ ಮ್ಯಾಲ ಹೊಲಕ್ಕ ಏನ್ ಉಳೀತು ತಮ್ಮಾ?" ಪಕ್ಕದ ಹೊಲದ ಕಾಕಾ ಇದಕ್ಕೆ ಒಪ್ಪುವುದಿಲ್ಲ. "ಒರಲಿ ತಿಂದಿದ್ದೂ ಗೊಬ್ಬರನ ಆಗತೈತಿ" ಎನ್ನುವುದು ಅವರ ಮಾತು. ಇಬ್ಬರೂ ನಲವತ್ತು ವರ್ಷ ಒಕ್ಕಲುತನ ಮಾಡಿದವರು. ಯಾರ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ತೂಕ ಮಾಡಿಯೇ ನೋಡಬೇಕೆಂದು ಈ ಕೆಲಸಕ್ಕೆ ಕೈಹಾಕಿದೆ. ಮೊದಲ ಸಲ ಕಟ್ಟಿದ್ದು ಕೆಟ್ಟಿತು. ಎರಡನೆಯ ಸಲ ಕಟ್ಟಿದ್ದು ಇನ್ನೂ ಹೊಲದಲ್ಲಿದೆ. ಇಂಥದ್ದೇ ಕೆಲಸ ಮಾಡಬಯಸುವವರಿಗೆ ನನ್ನ ತಪ್ಪುಗಳೂ ಉಪಯೋಗಕ್ಕೆ ಬಂದಾವು ಎಂದು ಎರಡನ್ನೂ ಬರೆಯುತ್ತಿದ್ದೇನೆ.

ವಿಧಾನ ಹೊಸದೇನಲ್ಲ. ಎಲೆಗಸವನ್ನು ತೂಕ ಮಾಡಿ ಬಲೆಯ ಚೀಲದಲ್ಲಿ ತುಂಬಿ, ನೆಲದ ಮೇಲಿಟ್ಟು, ಕೆಲವು ತಿಂಗಳ ನಂತರ ತೆಗೆದು ಮತ್ತೆ ತೂಕ ಮಾಡುವ ಪದ್ಧತಿ 1950ರ ದಶಕದಿಂದ ಬಳಕೆಯಲ್ಲಿದೆ. ಬಲೆಯ ಕಣ್ಣು ದೊಡ್ಡದಿದ್ದರೆ ಗೆದ್ದಲು, ಎರೆಹುಳು, ಸಹಸ್ರಪದಿಗಳೆಲ್ಲ ಒಳಗೆ ಹೋಗುತ್ತವೆ. ಕಣ್ಣು ಬಹಳ ಸಣ್ಣದಿದ್ದರೆ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಅತಿ ಸಣ್ಣ ಜೀವಿಗಳಿಗೆ ಮಾತ್ರ ಪ್ರವೇಶ ಸಿಗುತ್ತದೆ. ಎರಡೂ ಬಗೆಯ ಚೀಲಗಳಲ್ಲಿ ಕಡಿಮೆಯಾದ ತೂಕದ ನಡುವಿನ ಅಂತರವೇ ದೊಡ್ಡ ಹುಳುಗಳ ಪಾಲು. ನಮ್ಮ ಮಸಾರಿಯ ಬೇಸಿಗೆಯಲ್ಲಿ ದೊಡ್ಡ ಹುಳು ಎಂದರೆ ಬಹುಮಟ್ಟಿಗೆ ಗೆದ್ದಲೇ.

ಜನವರಿಯ ಕೊನೆಯ ವಾರ 24 ಚೀಲ ಹೊಲಿದೆ. ಹನ್ನೆರಡಕ್ಕೆ ತರಕಾರಿ ಮಾರುವವರು ಬಳಸುವ, ಸುಮಾರು 5 ಮಿ.ಮೀ. ಕಣ್ಣಿನ ಪ್ಲಾಸ್ಟಿಕ್ ಬಲೆ. ಇನ್ನು ಹನ್ನೆರಡಕ್ಕೆ ಹಿಟ್ಟು ಸೋಸುವ ನೈಲಾನ್ ಬಟ್ಟೆ. ಚೀಲದ ಅಳತೆ 15 × 20 ಸೆಂ.ಮೀ. ಪ್ರತಿ ಚೀಲಕ್ಕೂ ಬೆರಳುದ್ದ ಕತ್ತರಿಸಿದ ಜೋಳದ ದಂಟು 20 ಗ್ರಾಂ. ಚೀಟಿಯ ಮೇಲೆ ಸಂಖ್ಯೆ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸೆಣಬಿನ ದಾರದಿಂದ ಕಟ್ಟಿದೆ. ಫೆಬ್ರವರಿ 10ರಂದು ಎಲ್ಲವನ್ನೂ ಮಸಾರಿಯ ಒಡ್ಡಿನ ಬುಡದಲ್ಲಿ ಸಾಲಾಗಿ ಇಟ್ಟು, ಗಾಳಿಗೆ ಹಾರದಂತೆ ಮೂಲೆಗಳಲ್ಲಿ ಸಣ್ಣ ಕಲ್ಲು ಹೇರಿದೆ.

ಮಾರ್ಚ್ 14ರಂದು ಮೊದಲ ಆರು ಚೀಲಗಳನ್ನು ತೆಗೆದಾಗ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಸೆಣಬಿನ ದಾರ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ ಚೀಟಿ ಇರಬೇಕಾದ ಜಾಗದಲ್ಲಿ ತೆಳುವಾದ ಮಣ್ಣಿನ ಪದರವಿತ್ತು. ನೈಲಾನ್ ಬಟ್ಟೆಯ ಮೂರು ಚೀಲಗಳಲ್ಲಿ ಎರಡಕ್ಕೆ ತಳದಲ್ಲಿ ಜೋಳದ ಕಾಳಿನಷ್ಟು ಅಗಲದ ತೂತು ಬಿದ್ದಿದ್ದವು. ಅಂಚು ಹರಿದಂತೆ ಇರಲಿಲ್ಲ, ಕಡಿದಂತೆ ಇತ್ತು. ಗೆದ್ದಲು ನೈಲಾನನ್ನು ಅರಗಿಸಿಕೊಳ್ಳುವುದಿಲ್ಲವಾದರೂ ದವಡೆಯಿಂದ ಕತ್ತರಿಸಿ ದಾರಿ ಮಾಡಿಕೊಳ್ಳುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ತಕ್ಕಡಿಯಲ್ಲಿ ಕಂಡಿತು. 20 ಗ್ರಾಂ ತುಂಬಿದ್ದ ಚೀಲವೊಂದರ ಒಳಗಿನ ವಸ್ತು ಒಣಗಿಸಿದ ಮೇಲೂ 20 ಗ್ರಾಂಗಿಂತ ಹೆಚ್ಚು ತೂಗಿತು. ದಂಟು ಕಣ್ಣಿಗೇ ಕಾಣುವಷ್ಟು ಕಡಿಮೆಯಾಗಿತ್ತು. ಅದರ ಜಾಗದಲ್ಲಿ ಮಣ್ಣು ತುಂಬಿತ್ತು.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗೆದ್ದಲಿನ ಮೈ ಮೆತ್ತಗಿರುತ್ತದೆ, ಬಿಸಿಲಿಗೆ ಬೇಗ ಒಣಗುತ್ತದೆ. ಇರುವೆಗಳ ಕಾಟವೂ ಉಂಟು. ಆದ್ದರಿಂದ ಅದು ತಿನ್ನುವ ದಂಟಿನ ಮೇಲೆ ಮೊದಲು ಒದ್ದೆ ಮಣ್ಣಿನ ಹೊದಿಕೆ ಕಟ್ಟುತ್ತದೆ, ಆ ಹೊದಿಕೆಯ ಮರೆಯಲ್ಲಿ ಕೆಲಸ ಮಾಡುತ್ತದೆ, ತಿಂದು ಖಾಲಿಯಾದ ಟೊಳ್ಳಿಗೂ ಮಣ್ಣು ತುಂಬುತ್ತದೆ. ಬೇವಿನ ಮರದ ಕಾಂಡದ ಮೇಲೆ ನಾವೆಲ್ಲ ನೋಡುವ ಮಣ್ಣಿನ ಪೊರೆ ಇದೇ. ನೆಲ ಕಾದ ಹೆಂಚಾಗಿರುವ ಏಪ್ರಿಲ್‌ನಲ್ಲಿ, ನೀರಿಲ್ಲದೆ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಕೆಲಸ ಹೆಚ್ಚುಕಡಿಮೆ ನಿಂತುಹೋದಾಗಲೂ ಗೆದ್ದಲಿನ ಕೆಲಸ ನಡೆಯುವುದು ಈ ಹೊದಿಕೆಯ ದೆಸೆಯಿಂದ: ತೇವವನ್ನು ಅದು ಆಳದಿಂದ ತನ್ನ ಜೊತೆಗೇ ತರುತ್ತದೆ. ಬಿಸಿಲು ಹೆಚ್ಚಾದಷ್ಟೂ ಅದರ ಕೆಲಸ ಹೆಚ್ಚುತ್ತದೆ ಎಂಬುದಕ್ಕೆ ದೊಡ್ಡ ಆಧಾರವೂ ಇದೆ. ಹಲವು ಖಂಡಗಳಲ್ಲಿ ಒಂದೇ ಬಗೆಯ ಮರದ ತುಂಡುಗಳನ್ನು ಇಟ್ಟು ನಡೆಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಗೆದ್ದಲು ಮರವನ್ನು ಹುಡುಕಿ ತಿನ್ನುವ ಪ್ರಮಾಣ 6.8 ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಸೂಕ್ಷ್ಮಜೀವಿಗಳ ಕೆಲಸದ ಏರಿಕೆ ಇದಕ್ಕಿಂತ ಬಹಳ ಕಡಿಮೆ.

ಹಾಗಾಗಿ ಎರಡು ದುರಸ್ತಿಗಳು ಅನಿವಾರ್ಯವಾದವು. ಗೆದ್ದಲು ಕಡಿಯಲಾರದ ಚೀಲ ಬೇಕು. ದಂಟಿನ ತೂಕವನ್ನು ಮಣ್ಣಿನ ತೂಕದಿಂದ ಬೇರ್ಪಡಿಸುವ ದಾರಿ ಬೇಕು.

ಚೀಲಕ್ಕೆ ಸ್ಟೇನ್‌ಲೆಸ್ ಸ್ಟೀಲಿನ 40 ನಂಬರಿನ ಜಾಳಿಗೆ ತಂದೆ. ಇಂಚಿಗೆ 40 ಕಣ್ಣುಗಳಿರುವ ಈ ಜಾಳಿಗೆಯಲ್ಲಿ ಪ್ರತಿ ಕಣ್ಣು ಸುಮಾರು 0.4 ಮಿ.ಮೀ. ಇರುತ್ತದೆ, ಕೆಲಸಗಾರ ಗೆದ್ದಲಿನ ತಲೆ ಅದರಲ್ಲಿ ತೂರುವುದಿಲ್ಲ. ಕಬ್ಬಿಣದ ಜಾಳಿಗೆ ಅಗ್ಗವಾದರೂ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ತೂಕದಲ್ಲೂ ಸೇರಿಕೊಳ್ಳುತ್ತದೆ. ಅಂಚುಗಳನ್ನು ಎರಡು ಮಡಿಕೆ ಮಡಚಿ, ಇಕ್ಕಳದಿಂದ ಒತ್ತಿ, ತೆಳುವಾದ ಸ್ಟೀಲ್ ತಂತಿಯಿಂದ ಹೊಲಿದೆ. ಮೊದಲು ಸ್ಟೇಪ್ಲರ್ ಪಿನ್ನು ಹೊಡೆದು ನೋಡಿದೆ, ಎರಡು ಪಿನ್ನುಗಳ ನಡುವೆ ಬಾಯಿ ತೆರೆದುಕೊಳ್ಳುತ್ತದೆ, ಬೇಡ. ಸಂಖ್ಯೆಗೆ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯನ್ನು ಕತ್ತರಿಸಿ, ಮೊಳೆಯ ತುದಿಯಿಂದ ಅಂಕಿ ಒತ್ತಿ, ಅದೇ ತಂತಿಯಲ್ಲಿ ಕಟ್ಟಿದೆ. ಜಾಳಿಗೆಯ ಕತ್ತರಿಸಿದ ಅಂಚು ಬೆರಳನ್ನು ಸೀಳುತ್ತದೆ. ದಪ್ಪ ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೂರಬಾರದು.

ಇಲ್ಲಿಯೇ ಇನ್ನೊಂದು ದೋಷವನ್ನೂ ತಿದ್ದಿಕೊಂಡೆ. ಮೊದಲ ಸಲ ಗೆದ್ದಲಿಗೆ ತೆರೆದ ಚೀಲ ಒಂದು ಬಗೆಯ ಬಲೆಯದು, ಮುಚ್ಚಿದ ಚೀಲ ಇನ್ನೊಂದು ಬಗೆಯ ಬಟ್ಟೆಯದು. ಒತ್ತಾದ ಬಟ್ಟೆಯೊಳಗೆ ನೆರಳು ಹೆಚ್ಚು, ತೇವ ಆರುವುದು ನಿಧಾನ. ಹೀಗಿರುವಾಗ ಎರಡರ ನಡುವಿನ ಅಂತರ ಗೆದ್ದಲಿನಿಂದ ಆದದ್ದೋ ತೇವದಿಂದ ಆದದ್ದೋ ಎಂದು ಹೇಳುವುದು ಹೇಗೆ? ಆದ್ದರಿಂದ ಈ ಸಲ ಎಲ್ಲ ಚೀಲಗಳೂ ಅದೇ ಸ್ಟೀಲ್ ಜಾಳಿಗೆಯವು; ಅರ್ಧದಷ್ಟು ಚೀಲಗಳಿಗೆ ಮಾತ್ರ ತಳದಲ್ಲಿ 6 ಮಿ.ಮೀ. ಅಗಲದ ನಾಲ್ಕು ತೂತು ಕೊರೆದೆ. ಕೀಟನಾಶಕ ಸುರಿದು ಗೆದ್ದಲನ್ನು ದೂರವಿಡುವ ವಿಧಾನವೂ ಇದೆ, ಆದರೆ ಅದು ಸಣ್ಣ ಜೀವಿಗಳನ್ನೂ ಕೊಲ್ಲುವುದರಿಂದ ಹೋಲಿಕೆಯೇ ಕೆಡುತ್ತದೆ.

ಒಟ್ಟು 32 ಚೀಲ: ತೂತಿದ್ದವು 16, ಮುಚ್ಚಿದವು 16. ಪ್ರತಿ ಬಗೆಯಲ್ಲೂ ಅರ್ಧಕ್ಕೆ ಜೋಳದ ದಂಟು, ಅರ್ಧಕ್ಕೆ ಉದುರಿದ ತೊಗರಿ ಎಲೆ. ಮಸಾರಿಗೆ 16, ಎರಿಗೆ 16. ಒಣಗಿಸಲು ಒಳಗೆ ಕಪ್ಪು ಬಣ್ಣ ಬಳಿದು ಮೇಲೆ ಗಾಜು ಮುಚ್ಚಿದ ತಗಡಿನ ಪೆಟ್ಟಿಗೆ ಮಾಡಿದೆ. ಮಾರ್ಚ್ ಬಿಸಿಲಿನಲ್ಲಿ ಅದರೊಳಗಿನ ಥರ್ಮಾಮೀಟರ್ 65 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ಅದಕ್ಕಿಂತ ಮೇಲೇರಿದಾಗ ಗಾಜನ್ನು ಒಂದು ಬೆರಳು ಸರಿಸುತ್ತಿದ್ದೆ. ಎರಡು ದಿನ ಬಿಡದೆ ಒಂದೇ ತೂಕ ಬರುವವರೆಗೆ ಒಣಗಿಸಿ, ಚಿನ್ನ ತೂಗುವಂಥ 0.01 ಗ್ರಾಂ ತಕ್ಕಡಿಯಲ್ಲಿ 20.00 ಗ್ರಾಂ ತೂಗಿ ತುಂಬಿದೆ. ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಸಾಲದು. ಮಾರ್ಚ್ 29ರಂದು ಚೀಲಗಳನ್ನು ಇಟ್ಟೆವು.

ಎರಿಯಲ್ಲಿ ಬೇರೆಯೇ ತೊಂದರೆ. ಮೇ ತಿಂಗಳಲ್ಲಿ ಎರಿ ಬಾಯಿ ಬಿಟ್ಟಾಗ ಎರಡು ಚೀಲಗಳು ಬಿರುಕಿನೊಳಗೆ ಜಾರಿದವು, ಒಂದನ್ನು ಮೊಳದಾಳದಿಂದ ಕೊಕ್ಕೆ ಹಾಕಿ ಎತ್ತಬೇಕಾಯಿತು. ಅಂದಿನಿಂದ ಎಲ್ಲ ಚೀಲಗಳನ್ನೂ ಸ್ಟೀಲ್ ತಂತಿಯಿಂದ ಒಂದೊಂದು ಗೂಟಕ್ಕೆ ಬಿಗಿದಿದ್ದೇನೆ. ಹಿಗ್ಗಿ ಕುಗ್ಗಿ ಸದಾ ಅಲುಗಾಡುವ ಈ ಮಣ್ಣಿನಲ್ಲಿ ಗೆದ್ದಲಿನ ಸುರಂಗಗಳು ವರ್ಷಾನುವರ್ಷ ಉಳಿಯುವುದು ಕಷ್ಟ ಎಂಬುದು ಆ ಬಿರುಕನ್ನು ನೋಡಿದರೆ ಅರ್ಥವಾಗುತ್ತದೆ. ನಮ್ಮ ಎರಿಯಲ್ಲಿ ದೊಡ್ಡ ಹುತ್ತ ಒಂದೂ ಇಲ್ಲ, ಇರುವವೆಲ್ಲ ಮಸಾರಿಯಲ್ಲಿ ಮತ್ತು ಒಡ್ಡಿನ ಮೇಲೆ.

ಸರಿಯಾಗಿ 120 ದಿನಗಳಾದ ಮೇಲೆ, ಜುಲೈ 27ರಂದು, ಪ್ರತಿ ಬಗೆಯಿಂದ ಎರಡರಂತೆ 16 ಚೀಲಗಳನ್ನು ತೆಗೆದೆ. ಮುಚ್ಚಿದ ಒಂದೇ ಒಂದು ಚೀಲಕ್ಕೂ ತೂತು ಬಿದ್ದಿರಲಿಲ್ಲ. ಈಗ ಎರಡನೆಯ ದುರಸ್ತಿಯ ಸರದಿ. ಮಣ್ಣನ್ನು ತೊಳೆದು ತೆಗೆದರೆ ಕೊಳೆತು ಪುಡಿಯಾದ ದಂಟೂ ನೀರಿನ ಜೊತೆ ಹೋಗುತ್ತದೆ. ಸುಟ್ಟು ಬೂದಿಯ ಲೆಕ್ಕ ಮಾಡುವುದೇ ಸರಿಯಾದ ಮಾರ್ಗ: ದಂಟು ಸುಟ್ಟರೆ ಬಹುಪಾಲು ಹೋಗುತ್ತದೆ, ಮಣ್ಣು ಸುಟ್ಟರೆ ಬಹುಪಾಲು ಉಳಿಯುತ್ತದೆ. ಇದ್ದಿಲ ಒಲೆಯ ಮೇಲೆ ಮಾಡಿದ ಮೊದಲ ಪ್ರಯತ್ನದಲ್ಲಿ ಹಗುರವಾದ ಬೂದಿ ಗಾಳಿಗೆ ಹಾರಿತು, ಆದ್ದರಿಂದ ಪರಿಚಯದವರ ಮೂಲಕ ಕಾಲೇಜೊಂದರ ಪ್ರಯೋಗಾಲಯದ ವಿದ್ಯುತ್ ಕುಲುಮೆಯಲ್ಲಿ 450 ಡಿಗ್ರಿಗೆ ಆರು ತಾಸು ಸುಟ್ಟೆವು. ಇದಕ್ಕಿಂತ ಹೆಚ್ಚು ಕಾಯಿಸಬಾರದು. ನಮ್ಮ ಭಾಗದ ಮಣ್ಣಿನಲ್ಲಿ ಸುಣ್ಣದ ಅಂಶವಿದೆ; ಕಾವು ಬಹಳ ಏರಿದರೆ ಆ ಸುಣ್ಣವೂ ಒಡೆದು, ಜೇಡಿಯೊಳಗೆ ಕಟ್ಟಿಕೊಂಡ ನೀರೂ ಹೊರಬಿದ್ದು, ಮಣ್ಣಿನ ತೂಕವೇ ಇಳಿಯುತ್ತದೆ.

ಲೆಕ್ಕವನ್ನು ಒಂದು ಚೀಲದಿಂದಲೇ ತೋರಿಸುತ್ತೇನೆ. ಮಸಾರಿಯಲ್ಲಿದ್ದ, ತೂತಿನ ಚೀಲದ ಜೋಳದ ದಂಟು. ತೆಗೆದಾಗ ಒಣ ತೂಕ 24.60 ಗ್ರಾಂ. ಅದನ್ನು ಸುಟ್ಟಾಗ ನೂರಕ್ಕೆ 72 ಭಾಗ ಬೂದಿ. ಇಡುವ ಮೊದಲಿನ ದಂಟನ್ನು ಮಾತ್ರ ಸುಟ್ಟಾಗ ನೂರಕ್ಕೆ 7, ಗೆದ್ದಲಿನ ಹೊದಿಕೆಯ ಮಣ್ಣನ್ನು ಮಾತ್ರ ಸುಟ್ಟಾಗ ನೂರಕ್ಕೆ 94. ಮಣ್ಣಿನ ಬೂದಿಯಿಂದ ಮಿಶ್ರಣದ ಬೂದಿಯನ್ನು ಕಳೆದರೆ 22. ಮಣ್ಣಿನ ಬೂದಿಯಿಂದ ದಂಟಿನ ಬೂದಿಯನ್ನು ಕಳೆದರೆ 87. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.253. ಅಂದರೆ 24.60 ಗ್ರಾಂನಲ್ಲಿ ದಂಟು ಉಳಿದಿದ್ದು 6.2 ಗ್ರಾಂ ಮಾತ್ರ, ಮಿಕ್ಕ 18 ಗ್ರಾಂ ಚಿಲ್ಲರೆ ಮಣ್ಣು. ತಕ್ಕಡಿ ಹೆಚ್ಚಾಯಿತು ಎಂದು ಹೇಳಿದ ಚೀಲದಲ್ಲಿ ಸುಮಾರು 14 ಗ್ರಾಂ ದಂಟು ಹೋಗಿತ್ತು. ಅದೇ ಮಸಾರಿಯಲ್ಲಿ ಪಕ್ಕದಲ್ಲೇ ಇದ್ದ ಮುಚ್ಚಿದ ಚೀಲದಲ್ಲಿ ಇದೇ ಲೆಕ್ಕದ ಪ್ರಕಾರ 15.1 ಗ್ರಾಂ ಉಳಿದಿತ್ತು. ಹೋಗಿದ್ದು 5 ಗ್ರಾಂಗಿಂತ ಕಡಿಮೆ.

ತೊಗರಿ ಎಲೆಯ ಕಥೆ ಬೇರೆ. ತೂತಿದ್ದ ಚೀಲಕ್ಕೂ ಮುಚ್ಚಿದ ಚೀಲಕ್ಕೂ ಅದರಲ್ಲಿ ಅಂತರ ಅಲ್ಪ. ತೊಗರಿ ಎಲೆ ಮೆತ್ತಗಿನದು, ಅದರಲ್ಲಿ ಸಾರಜನಕ ಹೆಚ್ಚು. ಜೂನಿನ ಮಳೆ ಬಿದ್ದ ಕೂಡಲೇ ಸೂಕ್ಷ್ಮಜೀವಿಗಳೇ ಅದನ್ನು ಮುಗಿಸುತ್ತವೆ. ಜೋಳದ ದಂಟಿನಲ್ಲಿ ಇಂಗಾಲ ಬಹಳ, ಸಾರಜನಕ ಸ್ವಲ್ಪ. ಇಂಗಾಲ ಮತ್ತು ಸಾರಜನಕದ ಅನುಪಾತ 25-30ನ್ನು ಮೀರಿದಾಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಳ್ಳಬೇಕಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಸೂಕ್ಷ್ಮಜೀವಿಗಳು ಹಿಂದೆ ಸರಿಯುವ ಇಂಥ ಒಣ, ಗಟ್ಟಿ ಕಸದಲ್ಲಿಯೇ ಗೆದ್ದಲಿನ ಪಾಲು ದೊಡ್ಡದು. ಎರಿಯಲ್ಲಿ ಮಾತ್ರ ದಂಟಿನ ಚೀಲಗಳಲ್ಲೂ ಅಂತರ ಕಡಿಮೆಯೇ ಇತ್ತು. ಒಂದು ಚೀಲಕ್ಕೆ ಮಾತ್ರ ಮಣ್ಣಿನ ಹೊದಿಕೆ ಹತ್ತಿತ್ತು. ಪ್ರತಿ ಬಗೆಗೆ ಎರಡೇ ಚೀಲ ತೆಗೆದಿರುವುದರಿಂದ ಇವನ್ನು ನಮ್ಮ ಹೊಲದ ಅಳತೆ ಎಂದಷ್ಟೇ ಓದಬೇಕೆಂದು ಕೋರುತ್ತೇನೆ.

ಆದರೆ ಅಪ್ಪನ ಪ್ರಶ್ನೆಗೆ ಇಷ್ಟರಿಂದ ಉತ್ತರ ಸಿಕ್ಕಿಲ್ಲ. ಚೀಲದಿಂದ ಕಾಣೆಯಾದ ದಂಟು ಅಲ್ಲಿಯೇ ಕೊಳೆತು ಮಣ್ಣಿಗೆ ಸೇರಿಲ್ಲ. ಅದನ್ನು ಹೊತ್ತು ಒಯ್ಯಲಾಗಿದೆ. ನಮ್ಮ ಮಸಾರಿಯ ಹುತ್ತಗಳ ಮೇಲೆ ಮಳೆಗಾಲದಲ್ಲಿ ಬಿಳಿ ಅಣಬೆ ಏಳುತ್ತದೆ. ಇದು ಶಿಲೀಂಧ್ರ ಬೆಳೆಸುವ ಗೆದ್ದಲಿನ ಗುರುತು. ನಮ್ಮ ನಾಡಿನಲ್ಲಿ ಹುತ್ತ ಕಟ್ಟುವ ಸಾಮಾನ್ಯ ಕುಲವಾದ ಒಡೊಂಟೊಟರ್ಮಿಸ್ ಈ ಗುಂಪಿನದು, ಅದು ಸಾಕುವ ಶಿಲೀಂಧ್ರದ ಹೆಸರು ಟರ್ಮಿಟೊಮೈಸಿಸ್. ಕೆಲಸಗಾರ ಹುಳುಗಳು ದಂಟನ್ನು ಅಗಿದು ನುಂಗಿ, ಅರೆಬರೆ ಜೀರ್ಣವಾದದ್ದನ್ನು ಗೂಡಿನೊಳಗೆ ಜೇನುಹಟ್ಟಿಯಂತೆ ಪೇರಿಸುತ್ತವೆ. ಅದರ ಮೇಲೆ ಬೆಳೆಯುವ ಶಿಲೀಂಧ್ರ ದಂಟಿಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುತ್ತದೆ. ಹಣ್ಣಾದ ಹಟ್ಟಿಯನ್ನು ಹುಳುಗಳು ಮತ್ತೆ ತಿನ್ನುತ್ತವೆ. ಈ ದಾರಿಯಲ್ಲಿ ಇಂಗಾಲದ ಬಹುಭಾಗ ಉಸಿರಾಗಿ ಗಾಳಿಗೆ ಹೋಗುತ್ತದೆ, ಸಾರಜನಕ ಮತ್ತು ಖನಿಜಗಳು ಗೂಡಿನಲ್ಲಿ ಮತ್ತು ಹುಳುಗಳ ಮೈಯಲ್ಲಿ ಉಳಿಯುತ್ತವೆ. ಅವು ಹೊಲಕ್ಕೆ ಮರಳುವುದು ಹುತ್ತ ಸವೆದು ಜರಿದಾಗ, ಹೊದಿಕೆಯ ಮಣ್ಣು ಮಳೆಗೆ ಕರಗಿದಾಗ, ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಹುಳುಗಳು ಹಾರಿ ಹಕ್ಕಿ, ಹಲ್ಲಿ, ಇರುವೆಗಳ ಬಾಯಿಗೆ ಬಿದ್ದಾಗ. ಕಾಕಾ ಹೇಳಿದ ಗೊಬ್ಬರ ಇದೆ, ಆದರೆ ಅದು ತಡವಾಗಿ, ಇನ್ನೊಂದು ಜಾಗದಲ್ಲಿ ಕೈಗೆ ಸಿಗುತ್ತದೆ.

ಇದನ್ನು ನೋಡಲು ಮೂರು ಕಡೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟೆ: ಹೊಲದ ಮೇಲಿನ 15 ಸೆಂ.ಮೀ., ದಂಟಿನ ಮೇಲಿನ ಹೊದಿಕೆ, ಮತ್ತು ಹುತ್ತದ ಗೋಡೆ. ಹುತ್ತಕ್ಕೆ ಗುದ್ದಲಿ ಹಾಕಲು ನನ್ನ ಅವ್ವ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನಾಗರ ಪಂಚಮಿಗೆ ಮನೆಯ ಹೆಣ್ಣುಮಕ್ಕಳೆಲ್ಲ ಹಾಲೆರೆಯುವ ಹುತ್ತ ಅದು. ಮಳೆಗೆ ತಾನಾಗಿ ಜರಿದು ಬಿದ್ದ ಹೆಂಟೆಗಳನ್ನು ಆರಿಸಿ ತಂದೆ. ಹಳೆಯ ಗೋಡೆಯ ಮಣ್ಣು ಅವುಗಳಲ್ಲೂ ಅದೇ ಇರುತ್ತದೆ. ವರದಿಯಲ್ಲಿ ಕಂಡದ್ದು ಹೀಗೆ: ಹೊಲದ ಮಣ್ಣಿಗಿಂತ ಹುತ್ತದ ಮಣ್ಣಿನಲ್ಲಿ ಜೇಡಿ ಹೆಚ್ಚು, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಹೆಚ್ಚು, ರಸಸಾರವೂ (pH) ಹೆಚ್ಚು, ಆದರೆ ಸಾವಯವ ಇಂಗಾಲ ಕಡಿಮೆ. ಹೊದಿಕೆಯ ಮಣ್ಣು ಎರಡರ ನಡುವೆ ನಿಂತಿತು. ಹುತ್ತವೆಂದರೆ ಕಪ್ಪು ಗೊಬ್ಬರದ ಗುಡ್ಡೆ ಎಂದು ತಿಳಿದವರಿಗೆ ಇಂಗಾಲದ ಅಂಕಿ ವಿಚಿತ್ರವೆನಿಸಬಹುದು. ಮಣ್ಣನ್ನೇ ತಿಂದು ಬದುಕುವ ಗೆದ್ದಲುಗಳು ಮಲದಿಂದ ಗೂಡು ಕಟ್ಟುತ್ತವೆ, ಅವುಗಳ ಗೂಡಿನಲ್ಲಿ ಇಂಗಾಲ ಮತ್ತು ಸಾರಜನಕ ಹೆಚ್ಚಿರುತ್ತವೆ. ಶಿಲೀಂಧ್ರ ಬೆಳೆಸುವ ಗೆದ್ದಲು ಹಾಗಲ್ಲ. ಅದು ಆಳದ ಜೇಡಿಯನ್ನು ಎಂಜಲಿನಿಂದ ಕಲಸಿ ಗೋಡೆ ಏರಿಸುತ್ತದೆ, ಮಲವನ್ನು ಹಟ್ಟಿಗೆ ಮೀಸಲಿಡುತ್ತದೆ. ಆದ್ದರಿಂದ ನಮ್ಮ ಹುತ್ತದ ಮಣ್ಣು ಉಸುಕು ಹೆಚ್ಚಿರುವ ಮಸಾರಿಗೆ ಜೇಡಿಯನ್ನೂ ಸುಣ್ಣವನ್ನೂ ಕೊಡುತ್ತದೆಯೇ ಹೊರತು ತಿಪ್ಪೆಗೊಬ್ಬರದ ಜಾಗ ತುಂಬುವುದಿಲ್ಲ.

ಕೊನೆಯದಾಗಿ ನೀರಿನ ಅಳತೆ. ಮಸಾರಿಯಲ್ಲಿ ಒಂದು ಕಡೆ ನೆಲ ಹೆಪ್ಪುಗಟ್ಟಿ ಬಿತ್ತಿದ ಬೀಜ ಮೇಲೇಳುವುದಿಲ್ಲ. ಬುರ್ಕಿನಾ ಫಾಸೊದ ರೈತರು ಇಂಥ ನೆಲದಲ್ಲಿ ಸಣ್ಣ ಕುಣಿ ತೋಡಿ, ಗೊಬ್ಬರ ಮತ್ತು ಕಸ ಹಾಕಿ, ಗೆದ್ದಲನ್ನು ಬರಮಾಡಿಕೊಂಡು ಅದರ ಸುರಂಗಗಳಿಂದ ನೆಲ ನೀರು ಕುಡಿಯುವಂತೆ ಮಾಡುತ್ತಾರೆ. ಈ ಜಾಯ್ ಪದ್ಧತಿಯನ್ನು ಹರಡಿದ ಯಾಕೂಬಾ ಸವಡೋಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಪಶ್ಚಿಮ ಆಸ್ಟ್ರೇಲಿಯಾದ ಒಣ ಪ್ರದೇಶದಲ್ಲಿ ಇರುವೆ ಮತ್ತು ಗೆದ್ದಲುಗಳಿದ್ದ ಹೊಲದಲ್ಲಿ ಗೋಧಿಯ ಇಳುವರಿ 36 ಪ್ರತಿಶತ ಹೆಚ್ಚಿತು ಎಂದು 2011ರ ಅಧ್ಯಯನವೊಂದು ತೋರಿಸಿದೆ. ಮಾರ್ಚ್ ಕೊನೆಯಲ್ಲಿಯೇ ನಾನು ಆ ಹೆಪ್ಪಿನ ಅರ್ಧ ಜಾಗಕ್ಕೆ ಜೋಳದ ಕೂಳೆ ಮತ್ತು ತೊಗರಿ ಕಟ್ಟಿಗೆ ಹರಡಿದ್ದೆ. ಒಳಗೆ 15 ಸೆಂ.ಮೀ. ಅಗಲವಿರುವ ಪಿವಿಸಿ ಪೈಪಿನ ಗೇಣುದ್ದದ ತುಂಡಿನ ಅಂಚನ್ನು ಅರದಿಂದ ಚೂಪು ಮಾಡಿ, 5 ಸೆಂ.ಮೀ. ನೆಲಕ್ಕೆ ಬಡಿದು, ಒಂದು ಲೀಟರ್ ನೀರು ಸುರಿದು ಸಮಯ ನೋಡಿದೆ. ಅಷ್ಟು ನೀರು ಆ ಬಳೆಯೊಳಗೆ ಸುಮಾರು 5.7 ಸೆಂ.ಮೀ. ಎತ್ತರ ನಿಲ್ಲುತ್ತದೆ. ಬರಿ ಹೆಪ್ಪಿನ ಮೇಲೆ ಅದು ಇಂಗಲು 41 ನಿಮಿಷ ಹಿಡಿಯಿತು. ಕಸದಡಿಯ ಗೆದ್ದಲಿನ ಬಾಯಿಗಳಿದ್ದ ಕಡೆ 9 ನಿಮಿಷ. ಕಸದ ನೆರಳಿನಿಂದಲೂ ನೆಲ ಸ್ವಲ್ಪ ಸಡಿಲವಾಗಿರಬಹುದು, ಆದರೆ ನೀರು ತೂತುಗಳ ಸುತ್ತ ಸುಳಿಯಾಗಿ ಇಳಿದದ್ದನ್ನು ಅಪ್ಪ, ಕಾಕಾ ಇಬ್ಬರೂ ಕೂತು ನೋಡಿದರು.

ಅಪ್ಪ ಆ ಜಾಗದಲ್ಲಿ ಕಸ ಹರಡುವುದಕ್ಕೆ ಈಗ ಒಪ್ಪಿದ್ದಾರೆ. ಶೇಂಗಾ ಹಾಕುವ ತುಣುಕಿನ ಹತ್ತಿರ ಮಾತ್ರ ಬೇಡ ಎಂದಿದ್ದಾರೆ. ಅದು ಸರಿಯಾದ ಮಾತು. ಮಳೆ ಕೈಕೊಟ್ಟಾಗ ಶೇಂಗಾದ ಬೇರು ಕೊರೆದು ಕಾಯಿಯ ಸಿಪ್ಪೆ ಕೆರೆಯುವುದೂ ಇದೇ ಗೆದ್ದಲು. ಉಳಿದ 16 ಚೀಲಗಳು ಗೂಟಕ್ಕೆ ಕಟ್ಟಿದಂತೆಯೇ ಇವೆ. ಹಿಂಗಾರಿ ಬಿತ್ತುವ ಮೊದಲು ಎರಿಯ ಎಂಟನ್ನು ತೆಗೆಯುತ್ತೇನೆ, ಕೂರಿಗೆಗೆ ತಂತಿ ಸಿಕ್ಕಬಾರದು. ಮಸಾರಿಯ ಎಂಟನ್ನು ಒಂದು ವರ್ಷ ತುಂಬುವವರೆಗೆ ಬಿಡುತ್ತೇನೆ. ಈ ಸಲ ಪ್ರತಿ ಚೀಲದ ಪಕ್ಕದ ಹೊದಿಕೆಯ ಮಣ್ಣನ್ನು ಬೇರೆಯಾಗಿಯೇ ಸುಡಬೇಕು, ಒಂದೇ ಕಡೆಯ 94ನ್ನು ಎಲ್ಲ ಚೀಲಗಳಿಗೂ ಬಳಸಿದ್ದು ಮೊದಲ ಲೆಕ್ಕದಲ್ಲಿ ಉಳಿದಿರುವ ಕೊರತೆ.